ಸಣ್ಣ ಖೋಲಿಯ ಬಲ್ಬು

ಬೈಲಹೊಂಗಲದ ನಮ್ಮ ಅಡುಗೆಮನೆಯ ಮೂರು ಗೋಡೆ ಮಣ್ಣಿನವು, ಒಂದು ಇಟ್ಟಂಗಿಯದು. ಮಣ್ಣಿನವು ನಮ್ಮ ಮುತ್ತಜ್ಜ ಕಟ್ಟಿಸಿದ್ದು. ಅವು ಎಷ್ಟು ದಪ್ಪವೆಂದರೆ ಬೇಸಿಗೆಯಲ್ಲಿ ಬೆನ್ನು ಆನಿಸಿ ಕೂತರೆ ನಿದ್ದೆ ಬರುತ್ತಿತ್ತು. ಇಟ್ಟಂಗಿಯದು ನಾನು ಮೂರನೆಯ ಇಯತ್ತೆಯಲ್ಲಿದ್ದಾಗ ಬಂತು. ಅಪ್ಪ ಮತ್ತು ದೊಡ್ಡಪ್ಪ ಬೇರೆಯಾಗುವುದೆಂದು ಗಟ್ಟಿಯಾದ ಮೇಲೆ ಓಣಿಯ ಹಿರಿಯರು ಪಡಸಾಲೆಯಲ್ಲಿ ಕೂತು, ಚಹಾ ಕುಡಿದು, ಮುಂಬಾಗಿಲಿನಿಂದ ಹಿತ್ತಲದವರೆಗೆ ಹಗ್ಗ ಹಿಡಿದರು. ಆ ಹಗ್ಗ ಅಡುಗೆಮನೆಗೂ ಅದಕ್ಕೆ ಹತ್ತಿದ ಸಣ್ಣ ಖೋಲಿಗೂ ನಡುವೆ ಹಾಯಿತು. ಅಲ್ಲಿಯವರೆಗೆ ಆ ಎರಡರ ನಡುವೆ ಗೋಡೆ ಎಂಬುದೇ ಇರಲಿಲ್ಲ. ಒಂದು ಸಾಗವಾನಿ ಕಂಬ, ಅದರ ಮೇಲೆ ತೊಲೆ, ಅಷ್ಟೆ. ಅಡುಗೆಮನೆ ನಮ್ಮ ಪಾಲಿಗೆ ಬಂತು, ಸಣ್ಣ ಖೋಲಿ ದೊಡ್ಡಪ್ಪನ ಪಾಲಿಗೆ ಹೋಯಿತು. ಹಾಲು ಬಿಟ್ಟ ದಿನದಿಂದ ನಾನು ಮಲಗುತ್ತಿದ್ದದ್ದು ಆ ಸಣ್ಣ ಖೋಲಿಯಲ್ಲಿ, ದೊಡ್ಡವ್ವನ ಮಗ್ಗುಲಿಗೆ. ತಾಮ್ರದ ಹಂಡೆಯಿಂದ ಹಿಡಿದು ಒನಕೆಯವರೆಗೆ ಎಲ್ಲವೂ ಯಾರಿಗೆ ಎಂದು ವಾದ ಮಾಡಿದ ಆ ಹಿರಿಯರಿಗೆ, ನಾನೂ ಒಂದು ಪಾಲಾಗುತ್ತಿದ್ದೇನೆ ಎಂಬುದು ಹೊಳೆಯಲಿಲ್ಲ.

ದೊಡ್ಡವ್ವನಿಗೆ ಮಕ್ಕಳಿರಲಿಲ್ಲ. ಅವ್ವನಿಗೆ ಪುರುಸೊತ್ತಿರಲಿಲ್ಲ. ಹೊಲದ ಆಳುಗಳಿಗೂ ಸೇರಿ ದಿನಕ್ಕೆ ಎರಡು ಬುಟ್ಟಿ ರೊಟ್ಟಿ ಬಡಿಯುವ ಮನೆಯಲ್ಲಿ ಒಬ್ಬಳ ಕೈ ಹಿಟ್ಟಿನಲ್ಲಿದ್ದರೆ ಇನ್ನೊಬ್ಬಳ ಕೈಗೆ ಕೂಸು ಬರುತ್ತದೆ. ಹಾಗೆ ನಾನು ದೊಡ್ಡವ್ವನ ಕೈಗೆ ಬಂದೆ. ನನಗೆ ಕತ್ತಲೆಂದರೆ ಪ್ರಾಣ ಹೋಗುವಷ್ಟು ಅಂಜಿಕೆ. ಸಂಜೆ ದೇವರ ಜಗಲಿಯ ಮೇಲೆ ದೀಪ ಹಚ್ಚಿದ ಕೂಡಲೇ ದೊಡ್ಡವ್ವ ಒಂದೊಂದೇ ಖೋಲಿಗೆ ಹೋಗಿ ಬಲ್ಬು ಹಾಕಿ, ಅದಕ್ಕೆ ಕೈ ಮುಗಿದು ಬರುತ್ತಿದ್ದಳು. ಮೊದಲು ಸಣ್ಣ ಖೋಲಿ. ಅಲ್ಲಿನ ಕರಿಯ ಗುಂಡು ಸ್ವಿಚ್ಚು ಕಂಬಕ್ಕೇ ಬಡಿದದ್ದು, ಒತ್ತಿದರೆ ಟಕ್ ಎಂದು ಕಂಬವೆಲ್ಲ ಮಾತಾಡುತ್ತಿತ್ತು. ನಾನು ಅಡುಗೆಮನೆಯ ಹೊಸ್ತಿಲಾಚೆ ನಿಂತಿರುತ್ತಿದ್ದೆ.

"ಬಾ ಕೂಸ. ಕತ್ತಲೀನ ಹೊರಗ ದಬ್ಬೇನಿ."

ಬೇರೆಯಾಗುವ ಜಗಳ ಎಮ್ಮೆಯಿಂದ ಶುರುವಾಯಿತು. ಹೊಲವನ್ನು ಸೀಳಬಹುದು, ಮನೆಯನ್ನು ಸೀಳಬಹುದು, ಹಾಲು ಕೊಡುವ ಒಂದೇ ಎಮ್ಮೆಯನ್ನು ಏನು ಮಾಡುವುದು? ಅಪ್ಪ ತನ್ನದೆಂದ, ದೊಡ್ಡಪ್ಪ ತನ್ನದೆಂದ. ಕಡೆಗೆ ಅದನ್ನು ಯಾರಿಗೋ ಮಾರಿ ಇಬ್ಬರೂ ಪ್ಯಾಕೆಟ್ ಹಾಲಿಗೆ ಬಂದರು. ಆದರೆ ಎಮ್ಮೆಯ ಮಾತು ಎಮ್ಮೆಯಲ್ಲೇ ನಿಲ್ಲಲಿಲ್ಲ. ಒಂದು ಮಧ್ಯಾಹ್ನ ಒಲೆಯ ಮುಂದೆ ಕೂತಿದ್ದ ಅವ್ವ ಏಕಾಏಕಿ ಎದ್ದು ನಿಂತು, ಹಿಟ್ಟಿನ ಕೈಯಲ್ಲೇ, ದೊಡ್ಡವ್ವನ ಮುಖಕ್ಕೆ ಮುಖ ಕೊಟ್ಟು ಹೇಳಿದಳು. ಆಗ ನಾನು ದೊಡ್ಡವ್ವನ ಸೆರಗು ಹಿಡಿದುಕೊಂಡೇ ಇದ್ದೆ.

"ಅಕ್ಕಾರ, ಹಂಡೆ ತಗೋರಿ, ಜಗಲಿ ತಗೋರಿ, ಏನರ ತಗೋರಿ. ನನ್ನ ಮಗಳನ್ನಷ್ಟ ನನಗ ಬಿಡ್ರಿ."

"ಬಿಟ್ಟೇನಿ ತಗೊಳವ್ವ," ಎಂದಳು ದೊಡ್ಡವ್ವ. ಸೆರಗನ್ನು ನನ್ನ ಮುಷ್ಟಿಯಿಂದ ಮೆಲ್ಲಗೆ ಬಿಡಿಸಿಕೊಂಡಳು.

ಅವ್ವನ ಮೇಲೆ ಈಗ ನನಗೆ ಸಿಟ್ಟಿಲ್ಲ. ಹೆತ್ತ ಮಗಳು ಬಿದ್ದರೆ, ಜ್ವರ ಬಂದರೆ, ಕನಸಿನಲ್ಲಿ ಬೆಚ್ಚಿದರೆ ಇನ್ನೊಬ್ಬಳನ್ನು ಕೂಗುತ್ತಾಳೆಂದರೆ ಯಾವ ತಾಯಿಯ ಹೊಟ್ಟೆ ಉರಿಯುವುದಿಲ್ಲ? ಆದರೆ ಆಗ ನನಗೆ ತಿಳಿದದ್ದು ಇಷ್ಟೇ: ದೊಡ್ಡವ್ವ ನನ್ನನ್ನು ಬಿಟ್ಟಳು, ಅದೂ ಒಂದೇ ಮಾತಿಗೆ. ಹಂಡೆಗಾದರೂ ಅರ್ಧ ದಿನ ಜಗ್ಗಾಡಿದ್ದರು. ಗೋಡೆ ಎದ್ದ ಮೇಲೆ ಆಕೆ ತನ್ನ ಮಾತನ್ನು ಎಷ್ಟು ಕಟ್ಟುನಿಟ್ಟಾಗಿ ನಡೆಸಿದಳೆಂದರೆ, ನಾನು ಸಾಲಿಗೆ ಹೋಗುವಾಗ ಅವರ ಕಟ್ಟೆಯ ಮೇಲೆ ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿರುತ್ತಿದ್ದವಳು ತಲೆಯೆತ್ತುತ್ತಿರಲಿಲ್ಲ. ನಾನು ಬೇಕೆಂದೇ ಚಪ್ಪಲಿ ಉಜ್ಜುತ್ತ ಹೋಗುತ್ತಿದ್ದೆ, ನೀರಿನ ಬಾಟಲಿ ಬೀಳಿಸುತ್ತಿದ್ದೆ, ಗೆಳತಿಯೇ ಇಲ್ಲದಿದ್ದರೂ ಗೆಳತಿಯ ಹೆಸರು ಹಿಡಿದು ಕೂಗುತ್ತಿದ್ದೆ. ಮೊರ ಮಾತ್ರ ಝಲ್ ಝಲ್ ಎನ್ನುತ್ತಲೇ ಇರುತ್ತಿತ್ತು. ಮನೆಯಲ್ಲಿ ಅಪ್ಪ ಬೀಜ-ಗೊಬ್ಬರದ ಅಂಗಡಿಯಿಂದ ಬರುವುದು ಸಂಜೆಯಾದ ಮೇಲೆ, ಅವ್ವನಿಗೆ ನನ್ನೊಡನೆ ಏನು ಮಾತಾಡಬೇಕೆಂದು ತಿಳಿಯದು, ನನಗೂ ತಿಳಿಯದು. ಊಟ ಮಾಡಿದೆಯಾ, ಜಡೆ ಹಾಕಲಾ ಎಂದು ಇಬ್ಬರೂ ಬೀಗರ ಮನೆಗೆ ಬಂದವರಂತೆ ಒಬ್ಬರಿಗೊಬ್ಬರು ಸಂಕೋಚದಿಂದ ನಡೆದುಕೊಳ್ಳುತ್ತಿದ್ದೆವು. ಅಷ್ಟು ಒಂಟಿಯಾಗಿ ನಾನು ಆಮೇಲೆ ಎಂದೂ ಇರಲಿಲ್ಲ. ನನ್ನದಲ್ಲದ ಊರುಗಳಲ್ಲಿ, ಗುರುತಿನವರಿಲ್ಲದ ಹಾಸ್ಟೆಲುಗಳಲ್ಲಿ ಕಳೆದ ವರ್ಷಗಳೂ ಅದಕ್ಕೆ ಸಮವಲ್ಲ.

ಗೋಡೆ ಎದ್ದು ಕೆಲವು ತಿಂಗಳಾದ ಮೇಲೆ, ನೀರಿನ ಮೋಟಾರು ಚಾಲೂ ಮಾಡಲು ಹೋದ ಅವ್ವನಿಗೆ ಕರೆಂಟು ಹೊಡೆಯಿತು. ಕೈ ಜುಮ್ಮೆಂದದ್ದು ಬಿಟ್ಟರೆ ಏನೂ ಆಗಲಿಲ್ಲ, ಆದರೆ ಅಪ್ಪ ಹೆದರಿ ವಾಯರಮನ್ ಶಿವಾನಂದನನ್ನು ಕರೆಸಿದ. ನಮ್ಮ ಓಣಿಯ ವಾಯರಿಂಗ್ ಎಲ್ಲ ಅವನದೇ. ಮನೆ ಎರಡಾದಾಗ ಮೀಟರು ಎರಡು ಮಾಡಿ, ಬಲ್ಬುಗಳನ್ನು ಆ ಕಡೆ ಈ ಕಡೆ ಹಂಚಿಕೊಟ್ಟವನೂ ಅವನೇ. ಕೆಲಸಕ್ಕಿಂತ ಬಾಯಿ ಜಾಸ್ತಿ. ಮೋಟಾರು ರಿಪೇರಿ ಮಾಡಿ, ಬೋರ್ಡಿನಲ್ಲಿ ಬೆಳ್ಳಗಿನ ಹೊಸ ಸ್ವಿಚ್ಚೊಂದನ್ನು ಕೂರಿಸಿ, ಮದುವೆಗೆ ಗಂಡು ತೋರಿಸುವವನಂತೆ ಅದರ ಗುಣಗಾನ ಮಾಡಿದ.

"ಇದೇನ ಮಾಡತೈತಿ ಅಂದ್ರ, ಲೆಕ್ಕಾ ಇಟಗೋತೈತ್ರಿ. ಕೆಂಪ ವಾಯರಿನಾಗ ಮನ್ಯಾಗ ಹೋದ ಕರೆಂಟ ಕರೇ ವಾಯರಿನಾಗ ಅಷ್ಟೂ ಹೊಳ್ಳಿ ಬರಬೇಕು. ಒಂದೀಟ ಕಡಿಮಿ ಬಂತೋ, ಯಾರಿಗೋ ಹೊಡಿಯಾಕತ್ತೈತಿ ಅಂತ ತಿಳಕೊಂಡ ಪಟ್ ಅಂತ ಬೀಳತೈತಿ. ಇನ್ನ ನಿಮಗ ಅಂಜಿಕಿ ಇಲ್ಲ."

ಅಂಜಿಕೆ ಮರುದಿನ ಸಂಜೆಯೇ ಶುರುವಾಯಿತು. ಅವ್ವ ಜಗಲಿಗೆ ದೀಪ ಹಚ್ಚಿ ಅಡುಗೆಮನೆಗೆ ಬಂದು ಹೆಂಚು ಇಟ್ಟಿದ್ದಳು. ನಾನು ಇಟ್ಟಂಗಿ ಗೋಡೆಗೆ ಒರಗಿ ಮಗ್ಗಿ ಬರೆಯುತ್ತಿದ್ದೆ. ಬೋರ್ಡಿನಲ್ಲಿ ಪಟ್ ಎಂದಿತು, ಮನೆಯೆಲ್ಲ ಕತ್ತಲು. ಓಣಿಯಲ್ಲಿ ಲೈಟಿತ್ತು, ಹಿತ್ತಲದ ಗೋಡೆಯ ಮೇಲಿಂದ ದೊಡ್ಡಪ್ಪನ ಮನೆಯ ಬೆಳಕು ಕಾಣುತ್ತಿತ್ತು. ಕತ್ತಲಾದದ್ದು ನಮಗೊಬ್ಬರಿಗೇ. ನಾನು ಕಿಟಾರನೆ ಕಿರುಚಿದೆ.

"ದೊಡ್ಡವ್ವಾ!"

ಒಲೆಯ ಉರಿಯಲ್ಲಿ ಅವ್ವನ ಮುಖ ಕಂಡಿತು. ಆಕೆ ಬೈಯಲಿಲ್ಲ, ಹತ್ತಿರ ಬಂದು ಹಿಡಿದುಕೊಳ್ಳಲೂ ಇಲ್ಲ. "ಇಲ್ಲೇ ಅದೇನಿ," ಎಂದಳು ಅಷ್ಟೆ. ಅಪ್ಪ ಬಂದು ಸ್ವಿಚ್ಚು ಎತ್ತಿದ, ಲೈಟು ಬಂತು. ಮರುದಿನ ಅದೇ ಹೊತ್ತಿಗೆ ಮತ್ತೆ ಬಿತ್ತು. ಅದರ ಮರುದಿನವೂ. ಕೆಲವು ಸಂಜೆ ಎತ್ತಿದ ಮೇಲೆ ಇನ್ನೊಮ್ಮೆ ಬೀಳುತ್ತಿತ್ತು. ಹಗಲೆಲ್ಲ ಮಳ್ಳನಂತೆ ಸುಮ್ಮನಿರುವ ಸ್ವಿಚ್ಚು ದೀಪ ಹಚ್ಚುವ ಹೊತ್ತಾಯಿತೆಂದರೆ ತಲೆ ಕೆಳಗೆ ಹಾಕುತ್ತಿತ್ತು. ನಾನು ಮಧ್ಯಾಹ್ನದಿಂದಲೇ ಸಂಜೆಯ ದಾರಿ ಕಾಯುತ್ತ ಹೆದರುತ್ತಿದ್ದೆ. ಕಿರುಚಬಾರದೆಂದು ಹಲ್ಲು ಕಚ್ಚಿ ಕೂತರೂ ಕತ್ತಲು ಬಿದ್ದ ಕೂಡಲೇ ಬಾಯಿಗೆ ಬರುವುದು ಅದೊಂದೇ ಹೆಸರು. ಪ್ರತಿಸಲವೂ ಅವ್ವ "ಇಲ್ಲೇ ಅದೇನಿ" ಎನ್ನುವಳು, ದಿನದಿಂದ ದಿನಕ್ಕೆ ಆಕೆಯ ದನಿ ಸಣ್ಣದಾಗುತ್ತಿತ್ತು.

ದೋಷ ಎಲ್ಲಿದೆ ಎಂದು ಹುಡುಕುವ ಕೆಲಸ ಶುರುವಾದದ್ದು, ಎಲ್ಲ ಮನೆಗಳಲ್ಲಿ ಆಗುವಂತೆ, ಯಾರ ದೋಷ ಎಂಬಲ್ಲಿಂದ. ಅಪ್ಪ ಮೊದಲು ಫ್ರಿಜ್ಜಿನ ಕಡೆ ಬೆರಳು ತೋರಿಸಿದ. ಅದು ಅವ್ವನ ತವರು ರಾಮದುರ್ಗದಿಂದ ಬಂದದ್ದು. ಅವ್ವ ಎರಡು ದಿನ ಅಪ್ಪನ ತಾಟಿಗೆ ಪಲ್ಲೆಯನ್ನು ಕುಕ್ಕಿ ಬಡಿಸಿದ್ದನ್ನು ನೋಡಿದರೆ ಯಾರಿಗಾದರೂ ಫ್ರಿಜ್ಜು ನಿರಪರಾಧಿ ಎಂದು ಅನಿಸಬೇಕಿತ್ತು. ಪ್ಲಗ್ ಕಿತ್ತಿಟ್ಟರು, ಸಂಜೆ ಸ್ವಿಚ್ಚು ಬಿತ್ತು. ಆಮೇಲೆ ಮಿಕ್ಸರ್, ಆಮೇಲೆ ಇಸ್ತ್ರಿ ಪೆಟ್ಟಿಗೆ, ಆಮೇಲೆ ಮೋಟಾರು. ಶಿವಾನಂದ ಬಂದು ಇಲಿ ವಾಯರು ಕಡಿದಿದೆ ಎಂದು ಆಣೆ ಮಾಡಿ ಹೇಳಿ, ಅಟ್ಟ ಹತ್ತಿ, ಮೈಯೆಲ್ಲ ಜೇಡರ ಬಲೆ ಮಾಡಿಕೊಂಡು ಇಳಿದ. ಇಲಿ ಸಿಕ್ಕಿತು, ಕಡಿದ ವಾಯರು ಸಿಗಲಿಲ್ಲ. ಅವ್ವ ತನ್ನ ಪಾಡಿಗೆ ಬೇರೆ ತೀರ್ಮಾನಕ್ಕೆ ಬಂದಿದ್ದಳು.

"ಎಲ್ಲಾರ ಮನ್ಯಾಗ ಲೈಟ ಇರತಾವ, ನಮ್ಮನಿಗೊಂದ ಏನಾಗೈತಿ? ಗ್ವಾಡಿ ಆ ಕಡಿಯಿಂದ ಯಾರೋ ಏನೋ ಮಾಡಾಕತ್ತಾರ."

"ಹುಚ್ಚರಂಗ ಮಾತಾಡಬ್ಯಾಡ," ಎಂದ ಅಪ್ಪ. ಆದರೂ ಅಮಾವಾಸ್ಯೆಯ ದಿನ ಮೀಟರ್ ಬೋರ್ಡಿಗೆ ಲಿಂಬೆಹಣ್ಣು, ಮೆಣಸಿನಕಾಯಿ ಕಟ್ಟುವಾಗ ಸ್ಟೂಲು ಹಿಡಿದುಕೊಂಡು ನಿಂತವನು ಅವನೇ.

ಕಟ್ಟಿದ ಮೇಲೆ ಕೆಲವು ದಿನ ಸ್ವಿಚ್ಚು ಬೀಳಲೇ ಇಲ್ಲ. ಅವ್ವ ಗೆದ್ದಳು. ಆ ದಿನಗಳಲ್ಲಿ ಪಕ್ಕದ ಕಟ್ಟೆಯ ಮೇಲೆ ಮೊರದ ಸದ್ದೂ ಇರಲಿಲ್ಲ. ದೊಡ್ಡವ್ವ ತನ್ನ ತವರು ಚಚಡಿಗೆ ಹೋಗಿದ್ದಳು. ಆಕೆ ಬಸ್ಸಿಳಿದು ಬಂದ ಸಂಜೆಯೇ ಮತ್ತೆ ನಮ್ಮ ಮನೆ ಕತ್ತಲಾಯಿತು. ಈ ಎರಡನ್ನೂ ಕೂಡಿಸಿ ನೋಡುವ ಬುದ್ಧಿ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಲಿಂಬೆಹಣ್ಣು ಒಣಗಿತ್ತು, ಅದಕ್ಕೇ ಎಂದು ಅವ್ವ ಹೊಸದು ತರಿಸಿದಳು.

ಕಡೆಗೆ ಶಿವಾನಂದನಿಗೆ ಮಾನದ ಪ್ರಶ್ನೆಯಾಯಿತು. ಓಣಿಯವರು ಅವನನ್ನು ಕಂಡಲ್ಲೆಲ್ಲ "ಬಿತ್ತೇನಪ?" ಎಂದು ಕೇಳತೊಡಗಿದ್ದರು. ಅವನು ದಿನಾ ಸಂಜೆ ಬಂದು ಒಂದೊಂದೇ ಫ್ಯೂಜು ಕಿತ್ತಿಟ್ಟುಕೊಂಡು ಕೂರತೊಡಗಿದ. ಪಡಸಾಲೆಯ ಫ್ಯೂಜು ಕಿತ್ತ ದಿನ ಸ್ವಿಚ್ಚು ಬಿತ್ತು. ಮಲಗುವ ಖೋಲಿಯದು ಕಿತ್ತ ದಿನವೂ ಬಿತ್ತು. ಅಡುಗೆಮನೆಯದನ್ನು ಕಿತ್ತ ದಿನ ಬೀಳಲಿಲ್ಲ. ಮರುದಿನ ಅಡುಗೆಮನೆಯಲ್ಲಿ ಇದ್ದಬದ್ದ ಪ್ಲಗ್ಗೆಲ್ಲ ತೆಗೆದು, ಬಲ್ಬನ್ನೂ ಬಿಚ್ಚಿ, ಬರೀ ವಾಯರನ್ನಷ್ಟೇ ಬಿಟ್ಟ. ಒಲೆಯ ಬೆಳಕಿನಲ್ಲಿ ನಾವು ನಾಲ್ವರೂ ಕಾಯುತ್ತ ಕೂತೆವು. ಪಟ್ ಎಂದಿತು. ಹಚ್ಚಿದ್ದೇನೂ ಇಲ್ಲ, ಆದರೂ ಬಿತ್ತು. ಅವ್ವ ಲಿಂಬೆಹಣ್ಣಿನ ಕಡೆ ನೋಡಿದಳು. ಶಿವಾನಂದ ಬ್ಯಾಟರಿ ಹಿಡಿದು ಏಣಿ ಹತ್ತಿ ತೊಲೆಯ ಗುಂಟ ವಾಯರನ್ನು ಬೆರಳಿನಿಂದ ಸವರುತ್ತ ಹೋದ. ಕಂಬದ ತಲೆಯ ಹತ್ತಿರ ಬೆರಳು ನಿಂತಿತು. ಅಲ್ಲಿಂದ ಕೆಂಪು ವಾಯರೊಂದು ಕವಲೊಡೆದು, ಇಟ್ಟಂಗಿ ಗೋಡೆಯೊಳಗೆ ಹೊಕ್ಕಿತ್ತು.

"ಅಯ್ಯ ಶಿವನ," ಎಂದು ಅವನು ಏಣಿಯ ಮೇಲೆಯೇ ಹಣೆ ಬಡಿದುಕೊಂಡ. "ಇದನ್ನ ಬಿಟ್ಟಾವ ನಾನs ರೀ. ಅಮಾಸಿ ಹತ್ತೂದ್ರಾಗ ಗ್ವಾಡಿ ಏಳಬೇಕ ಅಂತ ಹಿರ್‍ಯಾರು ಕುತ್ತಿಗಿ ಮ್ಯಾಲೆ ಕುಂತಿದ್ರು. ತೊಲಿಗೆ ತೂತ ಹಾಕಬ್ಯಾಡ, ಅದು ಇಬ್ಬರದೂ ಅಂದ್ರು. ಅದಕ್ಕ ಸಣ್ಣ ಖೋಲಿ ಬಲ್ಬಿಗೆ ಕೆಂಪ ವಾಯರ ನಿಮ್ಮ ಕಡೆದs ಉಳಿಸಿ, ಕರೇದು ಆ ಕಡಿಯಿಂದ ಕೊಟ್ಟೆ. ಆಮ್ಯಾಲೆ ಬಂದ ಸರಿ ಮಾಡಿದ್ರಾತು ಅಂದಾಂವ ಮರತೇಬಿಟ್ಟೆ."

ಅಂದರೆ ಗೋಡೆಯಾಚೆಯ ಸಣ್ಣ ಖೋಲಿಯ ಬಲ್ಬಿಗೆ ಕರೆಂಟು ಹೋಗುತ್ತಿದ್ದದ್ದು ನಮ್ಮ ಮನೆಯಿಂದ, ಮರಳುತ್ತಿದ್ದದ್ದು ಅವರ ಮನೆಗೆ. ಹಳೆಯ ಫ್ಯೂಜಿಗೆ ಅದರ ಚಿಂತೆ ಇರಲಿಲ್ಲ. ಹೊಸ ಸ್ವಿಚ್ಚು ಲೆಕ್ಕದ ಮನುಷ್ಯ. ಹೋದದ್ದು ಬರಲಿಲ್ಲವೆಂದರೆ ಬೀಳುತ್ತಿತ್ತು. ದಿನಾ ಸಂಜೆ ಯಾರೋ ಆ ಖೋಲಿಗೆ ಬಂದು ಬಲ್ಬು ಹಾಕುತ್ತಿದ್ದಾರೆ ಎಂದ ಶಿವಾನಂದ. ಯಾರೋ ಎಂದು ಅವನು ಸುಮ್ಮನೆ ಹೇಳಿದ್ದು. ನಾನು ಗೋಡೆಯ ಕಡೆ ತಿರುಗಿದೆ.

"ಕಡದ ಬಿಡ ಅದನ್ನ," ಎಂದಳು ಅವ್ವ.

"ದೀಪ ಹಚ್ಚೂ ಹೊತ್ತಿನ್ಯಾಗ ಒಬ್ಬರ ಮನಿ ಬೆಳಕ ಕಡಿಯೂದೇನ?" ಎಂದ ಅಪ್ಪ. "ಹೇಳಿ ಕಡೀಬೇಕು."

ಆದರೆ ಹೇಳುವವರು ಯಾರು? ಅಪ್ಪ ಅಣ್ಣನ ಹೊಸ್ತಿಲು ತುಳಿಯುವುದಿಲ್ಲ ಎಂದು ಜನರೆದುರು ಅಂದಿದ್ದ. ಅವ್ವ ನೆಗೆಣ್ಣಿಯ ಮುಖ ನೋಡುವವಳಲ್ಲ. ಶಿವಾನಂದ ತನ್ನ ತಪ್ಪನ್ನು ತಾನೊಬ್ಬನೇ ಹೋಗಿ ಒಪ್ಪಿಕೊಳ್ಳಲು ತಯಾರಿರಲಿಲ್ಲ; ಮನೆಯ ಪರವಾಗಿ ಯಾರಾದರೂ ಬರಬೇಕೆಂದ. ಮೂವರೂ ನನ್ನ ಕಡೆ ನೋಡಿದರು. ಅವ್ವ ಬಹಳ ಹೊತ್ತು ನೋಡಿದಳು. ಆಮೇಲೆ ಬಾಚಣಿಗೆ ತಂದು, ಯಾರೂ ಕೇಳದಿದ್ದರೂ, ನನ್ನ ಜಡೆಯನ್ನು ಬಿಚ್ಚಿ ಮತ್ತೆ ಬಿಗಿಯಾಗಿ ಹೆಣೆದಳು.

ದೊಡ್ಡಪ್ಪ ಪಡಸಾಲೆಯಲ್ಲಿ ಕೂತಿದ್ದ. ಶಿವಾನಂದ ಸಣ್ಣ ಖೋಲಿಯ ವಾಯರು ನೋಡಬೇಕಾಗಿದೆ ಎಂದಾಗ ಒಳಗಿನಿಂದ ದೊಡ್ಡವ್ವ ಬಂದಳು. ನನ್ನನ್ನು ಕಂಡು ಬಾಗಿಲಲ್ಲೇ ನಿಂತಳು. ಆಮೇಲೆ ಸೆರಗು ಸರಿ ಮಾಡಿಕೊಂಡಳು.

"ಬರ್ರಿ. ಏನ ಹೇಳಿ ಕಳಿಸ್ಯಾರ ಮನ್ಯಾಗ?"

ನನಗೆ 'ಬರ್ರಿ' ಎಂದಳು. ಒಂದು ಸಲವೂ ಬಾ ಕೂಸ ಎನ್ನದೆ ನನ್ನನ್ನು ಕರೆದವಳಲ್ಲ, ಪರಸ್ಥಳದವರಿಗೆ ಅನ್ನುವಂತೆ 'ಬರ್ರಿ' ಎಂದಳು. ಮೊರದ ಮುಂದೆ ತಲೆಯೆತ್ತದಿದ್ದದ್ದಕ್ಕಿಂತ ಅದು ಜೋರಾಗಿ ನಾಟಿತು. ಸಣ್ಣ ಖೋಲಿಯಲ್ಲಿ ನನ್ನ ಕೌದಿ ಇರಬಹುದು, ಗೋಡೆಯ ಮೇಲೆ ನಾನು ಗೀಚಿದ ಹುಂಜ ಇರಬಹುದು ಎಂದುಕೊಂಡಿದ್ದೆ. ಸುಣ್ಣ ಬಳಿದಿದ್ದರು. ತೊಲೆಯವರೆಗೆ ಜೋಳದ ಚೀಲ, ಮೂಲೆಯಲ್ಲಿ ಉಳ್ಳಾಗಡ್ಡಿಯ ಗುಂಪಿ. ಕಾಲಿಡಲು ಒಂದು ಓಣಿಯಷ್ಟು ಜಾಗ, ಅದೂ ಬಾಗಿಲಿನಿಂದ ಕಂಬದ ಸ್ವಿಚ್ಚಿನವರೆಗೆ. ಗೋಡೆಯ ಮಾಡದಲ್ಲಿ ಬಿಚ್ಚಿಟ್ಟ ಬಲ್ಬುಗಳು ಒಂದರ ಮೇಲೊಂದು ಬಿದ್ದಿದ್ದವು. ಶಿವಾನಂದ ಒಂದನ್ನು ಕಿವಿಯ ಹತ್ತಿರ ಅಲುಗಾಡಿಸಿದ.

"ಇವು ಛಲೋ ಅದಾವಲ್ರಿ. ಯಾಕ ತಗದೀರಿ?"

"ಹಚ್ಚಿದ ಕೂಡ್ಲೇ ಮಿಂಚಿದಂಗ ಮಾಡಿ ಹೋಗತಾವ. ಆರಿಸಿ ಹೊಸಾವ ಹಾಕಿದ್ರೂ ಅದs ಹಣೇಬರಹ."

"ಚೀಲ ಇರೂ ಖೋಲಿಗೆ ದಿನಾ ಲೈಟ ಯಾಕ ಬೇಕಾತ್ರಿ?"

"ಅದನ್ನ ನಾನೂ ಕೇಳಾಕತ್ತೇನಿ," ಎಂದ ದೊಡ್ಡಪ್ಪ ಬಾಗಿಲಲ್ಲಿ ನಿಂತು.

ದೊಡ್ಡವ್ವ ಮಾಡದ ಬಲ್ಬುಗಳನ್ನು ಸರಿಸಿಟ್ಟಳು. ಶಿವಾನಂದ ಕೆಂಪು ವಾಯರು, ಕರಿಯ ವಾಯರು ಎಂದೆಲ್ಲ ವಿವರಿಸಿದ. ಆಕೆ ಕೇಳಿಸಿಕೊಂಡದ್ದು ಒಂದೇ ಮಾತು.

"ಅಂದ್ರ, ನಾ ಇಲ್ಲಿ ಹಚ್ಚಿದಾಗೆಲ್ಲ ಅಲ್ಲಿ ಕತ್ತಲಿ ಆಗತಿತ್ತ?"

"ಹೌದ್ರಿ. ಇಡೀ ಮನಿ."

ಆಗ ಆಕೆ ನನ್ನನ್ನು ನೋಡಿದಳು. ಗೋಡೆ ಎದ್ದಾಗಿನಿಂದ ಮೊದಲ ಸಲ, ಮೊರವಿಲ್ಲದೆ, ಸೆರಗಿನ ಮರೆಯಿಲ್ಲದೆ, ಕಣ್ಣಲ್ಲಿ ಕಣ್ಣಿಟ್ಟು.

"ದಿನಾನೂ?"

ಹೌದೆಂದು ತಲೆಯಾಡಿಸಿದೆ.

"ಅಂಜಿದೇನ ಕೂಸ?"

ಇಲ್ಲ ಎನ್ನಬೇಕೆಂದು ಬಾಯಿ ತೆರೆದೆ. ಅಳು ಬಂತು. ದೊಡ್ಡವ್ವ ಜೋಳದ ಚೀಲಕ್ಕೆ ಬೆನ್ನು ಆನಿಸಿ ಕೂತಳು.

"ನೀ ಅಂಜತಿ ಅಂತs ಹಚ್ಚತಿದ್ನಲ್ಲವ್ವ. ನೀ ಇಲ್ಲಿಲ್ಲಂತ ಗೊತ್ತೈತಿ ನನಗ. ಆ ಹೊತ್ತಾತಂದ್ರ ಕೈ ಕೇಳೂದಿಲ್ಲ."

ದೊಡ್ಡಪ್ಪ ಕೆಮ್ಮುತ್ತ ಹೊರಗೆ ಹೋದ. ದೊಡ್ಡವ್ವನ ಕೈ ನನ್ನ ತಲೆಯ ಕಡೆ ಬಂತು, ಬಿಗಿಯಾಗಿ ಹೆಣೆದ ಜಡೆಯನ್ನು ಕಂಡು ಅರ್ಧದಲ್ಲೇ ನಿಂತು ಹಿಂದೆ ಹೋಯಿತು. ಕೊಟ್ಟ ಮಾತು ನೆನಪಾಗಿರಬೇಕು. "ನಿಮ್ಮವ್ವ ದಾರಿ ನೋಡತಿರಬೇಕು, ಹೋಗು," ಎಂದಳು. ನಾನು ಮನೆಗೆ ಬಂದಾಗ ಅವ್ವ ನಿಜವಾಗಿಯೂ ಬಾಗಿಲಲ್ಲೇ ನಿಂತಿದ್ದಳು. ಏನಂದಳು ಎಂದು ಕೇಳಿದಳು. ಇದ್ದದ್ದನ್ನು ಇದ್ದ ಹಾಗೆಯೇ ಹೇಳಿದೆ. ಅವ್ವ ಹಿತ್ತಲಕ್ಕೆ ಹೋದಳು, ಬಹಳ ಹೊತ್ತು ಅಲ್ಲೇ ಇದ್ದಳು. ಬಂದವಳೇ ಸ್ಟೂಲು ಎಳೆದುಕೊಂಡು ಹತ್ತಿ ಲಿಂಬೆಹಣ್ಣನ್ನು ಕಿತ್ತು ತೆಗೆದಳು.

ಮರುದಿನ ಬೆಳಿಗ್ಗೆ ಶಿವಾನಂದ ಸಣ್ಣ ಖೋಲಿಯ ಬಲ್ಬಿಗೆ ಆ ಕಡೆಯದೇ ಕೆಂಪು ವಾಯರು ಕೊಟ್ಟು, ನಮ್ಮದನ್ನು ಕಡಿದು, ತೊಲೆಯ ಮೇಲೆ ಟೇಪು ಸುತ್ತಿದ. ಮನೆಯಲ್ಲಿ ಎಲ್ಲರಿಗೂ ಸಮಾಧಾನ. ನನಗೊಬ್ಬಳಿಗೆ ಏನೋ ಕಳೆದುಕೊಂಡ ಹಾಗೆ. ಇಷ್ಟು ದಿನ ಕತ್ತಲು ಬಿದ್ದಾಗಲೆಲ್ಲ ದೊಡ್ಡವ್ವ ನನ್ನ ಬೆನ್ನಿನ ಹಿಂದೆಯೇ, ಒಂದು ಇಟ್ಟಂಗಿಯಾಚೆ, ನನಗಾಗಿಯೇ ಬಂದು ನಿಂತಿದ್ದಳು. ಅದು ತಿಳಿದ ಮರುದಿನವೇ ತಿಳಿಯುವ ದಾರಿ ಕಡಿದುಹೋಗಿತ್ತು. ಇನ್ನು ಆಕೆ ಬಂದರೂ ಒಂದೇ, ಬರದಿದ್ದರೂ ಒಂದೇ, ನಮ್ಮ ಲೈಟು ಉರಿಯುತ್ತಲೇ ಇರುತ್ತದೆ. ಧಾರವಾಡದ ನನ್ನ ಮನೆಯ ಬೋರ್ಡಿನಲ್ಲಿ ಈಗ ಅಂಥದೇ ಬೆಳ್ಳಗಿನ ಸ್ವಿಚ್ಚಿದೆ. ಅದು ಅಪರೂಪಕ್ಕೆ ಬಿದ್ದರೆ ಮನೆಯವರೆಲ್ಲ ಬೋರ್ಡಿನ ಕಡೆ ಓಡುತ್ತಾರೆ. ನಾನು ಮಾತ್ರ ಯಾರೋ ಬಂದರು ಎಂಬಂತೆ ಹಿಂದಿರುಗಿ ನೋಡುತ್ತೇನೆ.

ವಾಯರು ಕಡಿದ ದಿನದ ಸಂಜೆ ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನಾನು ಇಟ್ಟಂಗಿ ಗೋಡೆಗೆ, ಕಂಬ ಹುದುಗಿದ ಕಡೆಗೆ, ಕಿವಿಯಾನಿಸಿ ಕೂತಿದ್ದೆ. ಹಿಟ್ಟು ಬಡಿಯುವ ಮರದ ಕೊಣಮಿಗೆಯಲ್ಲಿ ಕೈ ಬೀಳುವ ಪಟಪಟ ಸದ್ದಿನಲ್ಲಿ ಬೇರೇನೂ ಕೇಳುವಂತಿರಲಿಲ್ಲ.

"ಅವ್ವಾ, ಒಂದೀಟ ನಿಲ್ಲಸತೀ?"

ಅವ್ವ ತಿರುಗಿ ನೋಡಿದಳು. ನಾನು ಎಲ್ಲಿ ಕೂತಿದ್ದೇನೆ, ಯಾಕೆ ಕೂತಿದ್ದೇನೆ ಎಂದು ಆಕೆಗೆ ಹೇಳಬೇಕಾಗಿರಲಿಲ್ಲ. ಬೈಯುತ್ತಾಳೆಂದುಕೊಂಡೆ. ಆಕೆ ಹಿಟ್ಟಿನ ಮೇಲೆ ಕೈ ಹಾಗೆಯೇ ಇಟ್ಟು ಸುಮ್ಮನಾದಳು. ಇಬ್ಬರೂ ಕಾದೆವು. ಓಣಿಯಲ್ಲಿ ಯಾರದೋ ಸೈಕಲ್ಲು ಹೋಯಿತು, ಒಲೆಯಲ್ಲಿ ಕಟ್ಟಿಗೆ ಚಟ್ ಎಂದಿತು, ಎಲ್ಲಿಯೋ ಕರು ಕೂಗಿತು. ಆಮೇಲೆ ಕಂಬದೊಳಗಿನಿಂದ, ನನ್ನ ಕಿವಿಗೆ ಹತ್ತಿದಂತೆ, ಟಕ್ ಎಂದಿತು. ನಮ್ಮ ಲೈಟು ಹೋಗಲಿಲ್ಲ.

"ಹಚ್ಚಿದ್ಲು," ಎಂದಳು ಅವ್ವ.

ಹಾಗೆಂದು ಹೆಂಚಿನ ಮೇಲಿದ್ದ ರೊಟ್ಟಿಯನ್ನು ತಿರುವಿ ಹಾಕಿದಳು. ಅದರ ಒಂದು ಮಗ್ಗುಲು ಪೂರಾ ಸೀದುಹೋಗಿತ್ತು. ಅದನ್ನು ಬೇರೆಯವರ ಪಾಲಿಗೆ ಹಾಕದೆ ತನ್ನ ತಾಟಿಗೆ ಇಟ್ಟುಕೊಂಡಳು.